ಆಲದ ಬಿಳಲಿನ ಬ್ರಷ್ಷು

ಚಿಕ್ಕಮಲ್ಲಮ್ಮ,

ಗುಂಡ್ಲುಪೇಟೆಯ ಮೊದಲ ಬಸ್ಸಿಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಲಿಲ್ಲ.

ಮರವಜ್ರದ ಅಂಟು ಒಣಗಿ ಕೊನೆಯ ಬ್ರಷ್ಷೂ ಕಲ್ಲಾಯಿತೆಂದು ನಿನ್ನೆ ನಿನ್ನ ಮೇಲೆ ರೇಗಿದೆ. ಮೈಸೂರಿನ ಬ್ರಷ್ಷು ಕೊಂಡು ಪೂರೈಸುವುದಿಲ್ಲ, ಗುಂಡ್ಲುಪೇಟೆ ಸ್ಕೂಲಿನ ಮುನ್ನೂರು ಪುಸ್ತಕಗಳಿಗೆ ರಟ್ಟು ಕಟ್ಟುವುದು ನಮ್ಮಿಂದಾಗದು ಎಂದು ಮೇಷ್ಟರಿಗೆ ಹೇಳಿ ಬರುವವನಿದ್ದೆ. ನೀನು ಹರವೆ ದಾರಿಯಿಂದ ಆಲದ ಬಿಳಲು ತಂದು, ತುದಿ ಜಜ್ಜಿ, "ಹಲ್ಲುಜ್ಜಕ್ಕೆ ಆಯ್ತದೆ, ಅಂಟು ಬಳಿಯಕ್ಕೆ ಆಗಲ್ವಾ? ಒಣಗೋದ್ರೆ ಒಲೆಗಾಕನ ಬುಡಣ್ಣ" ಅಂದೆ. ನಾನು ನಕ್ಕುಬಿಟ್ಟೆ.

ಆ ಬಿಳಲಿನಲ್ಲಿ ಅಂಟು ಬಳಿದು ನೀನು ಕಟ್ಟಿದ ಪುಸ್ತಕವನ್ನು ಈಗ ಜಗ್ಗಿ ನೋಡಿದೆ. ಬೆನ್ನು ಒಂದಿಷ್ಟೂ ಬಿಟ್ಟಿಲ್ಲ. ಅದನ್ನೇ ಮಾದರಿಗೆ ಒಯ್ಯುತ್ತಿದ್ದೇನೆ, ಕೆಲಸ ಒಪ್ಪಿಕೊಂಡೇ ಬರುತ್ತೇನೆ.

ಇನ್ನೂ ಒಂದು ಹೊರೆ ಬಿಳಲು ಬೇಕು. ಎಳೆಯದನ್ನೇ ಕೊಯ್ಯಿಸು, ನೆನೆಹಾಕಿ ಜಜ್ಜು. ಅಂಟಿನ ಡಬ್ಬಿಯನ್ನು ಬಿಸಿನೀರಿನೊಳಗಿಟ್ಟೇ ಕಾಯಿಸು, ನೇರವಾಗಿ ಒಲೆಗಿಟ್ಟು ಸೀಯಿಸಬೇಡ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಮೊದಲು ತಿನ್ನು.

ಇದನ್ನು ಕಟ್ಟಿದವರು ಯಾರು ಎಂದು ಮೇಷ್ಟರು ಕೇಳಿದರೆ ನಿನ್ನ ಹೆಸರನ್ನೇ ಹೇಳುತ್ತೇನೆ.

ಅಣ್ಣ
ಶಿವರುದ್ರಸ್ವಾಮಿ