ಅವರವರೇ ಮಾಡಿಕೊಳ್ಳುವ ಊಟ

ಇಂಡಿ
೧೨ ಡಿಸೆಂಬರ್ ೨೦೨೫, ಶುಕ್ರವಾರ

ನನ್ನ ಫೋನು ಎತ್ತದ ಅವ್ವನಿಗೆ,

ಜೈಭೀಮ್. ಹನ್ನೊಂದು ದಿನದಿಂದ ಕರೆ ಮಾಡುತ್ತಿದ್ದೇನೆ. ತಮ್ಮ ಅನಿಲ ಒಮ್ಮೆ ಎತ್ತಿ, "ಅವ್ವ ನಿನ್ನ ಕೂಡ ಮಾತಾಡಂಗಿಲ್ಲಂತ, ಅಕ್ಕಾ. ಸುಮ್ನ ಬಿಡು" ಎಂದ. ಅದಕ್ಕೇ ಈ ಕಾಗದ. ನೀನು ಅಕ್ಷರ ಕೂಡಿಸಿ ಓದುವವಳೆಂದು ದೊಡ್ಡದಾಗಿ, ಬಿಡಿಸಿ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಅರ್ಧಕ್ಕೆ ಹರಿಯಬೇಡ, ಪೂರಾ ಓದಿ ಹರಿ.

ಪಲ್ಲವಿಗೆ ಜ್ವರ, ಈ ವರ್ಷ ಹುಟ್ಟುಹಬ್ಬ ಮಾಡುವುದಿಲ್ಲ, ಬಾಗೇವಾಡಿಯಿಂದ ಇಷ್ಟು ದೂರ ಬರಬೇಡ ಎಂದು ನಾನು ಹೇಳಿದ್ದು ಸುಳ್ಳು. ಅದು ನಿನಗೀಗ ಗೊತ್ತು. ಯಾರೋ ಸ್ಟೇಟಸ್‌ಗೆ ಹಾಕಿದ ಫೋಟೊ ಅನಿಲನ ಫೋನಿನಲ್ಲಿ ನೋಡಿದೆಯಂತೆ. ಬಲೂನು, ಉದ್ದನೆಯ ಮೇಜು, ಐವತ್ತು ಜನ. ಅಷ್ಟು ಜನರಲ್ಲಿ ಅಜ್ಜಿ ಒಬ್ಬಳೇ ಇಲ್ಲ.

ಯಾಕೆ ಹಾಗೆ ಮಾಡಿದೆ ಎಂಬುದಕ್ಕೆ ಹೋದ ವರ್ಷದ್ದನ್ನು ಹೇಳಬೇಕು. ಅವತ್ತು ನಾನೇ ಕೇಕು ಮಾಡಿದ್ದೆ. ಪಲ್ಲವಿಯ ಗೆಳತಿಯರ ತಾಯಂದಿರು ಎಂಟು ಜನ ಬಂದಿದ್ದರು. ನಕ್ಕರು, ಫೋಟೊ ತೆಗೆಸಿಕೊಂಡರು, "ಮನಿಗೆ ಒಯ್ತೇವ್ರಿ ಟೀಚರ" ಎಂದು ಕೇಕನ್ನು ಕಾಗದದಲ್ಲಿ ಸುತ್ತಿಕೊಂಡರು. ಮರುದಿನ ಮುಂಜಾನೆ ಪಲ್ಲವಿ ಬೀದಿ ತಿರುವಿನ ಗಟಾರದಲ್ಲಿ ಅದೇ ಕಾಗದದ ಗಂಟುಗಳನ್ನು ನೋಡಿ ಬಂದು, "ಮಮ್ಮಿ, ಕೇಕ್ ಚಲೋ ಆಗಿರಲಿಲ್ಲೇನು?" ಎಂದು ಕೇಳಿದಳು. ಮೊಟ್ಟೆ ಹಾಕಿದ್ದೆನಲ್ಲ, ಅದಕ್ಕೆ ಎಂದೆ. ನಂಬಿದಳು. ಮುಂದಿನ ವರ್ಷವೂ ನಂಬುತ್ತಾಳೆಯೇ ಎಂಬ ಹೆದರಿಕೆ ಆಗಲೇ ಶುರುವಾಯಿತು.

ಈ ಸಲ ಅವಳು ಮೊಬೈಲಿನಲ್ಲಿ ಟ್ಯಾಕೊ ಬಾರ್ ಎಂಬುದನ್ನು ನೋಡಿ ಹಟ ಹಿಡಿದಳು. ಅದು ಮೆಕ್ಸಿಕೊ ದೇಶದ ತಿಂಡಿ, ಅವ್ವ. ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿಯನ್ನು ಅರ್ಧಕ್ಕೆ ಮಡಚಿ, ನಡುವೆ ಕಾಳಿನ ಪಲ್ಯ, ಉಳ್ಳಾಗಡ್ಡಿ, ಖಾರ ತುಂಬುವುದು. ಬಡಿಸುವವರು ಇರುವುದಿಲ್ಲ. ಎಲ್ಲವನ್ನೂ ಬೋಗುಣಿಗಳಲ್ಲಿ ಸಾಲಾಗಿ ಇಟ್ಟರೆ ಬಂದವರು ಬೇಕಾದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಕನ್ನಡ ಕಲಿಸುವ ವಸುಧಾ ಮೇಡಂ, "ಅಯ್ಯ, ಮಗಳ ಹುಟ್ಟಹಬ್ಬಕ್ಕ ಬಾರ್ ತಗೀತೀರೇನ್ರೀ?" ಎಂದು ನಗಿಸಿದರು. ನಾನೂ ನಕ್ಕೆ. ಆದರೆ ತಲೆಯಲ್ಲಿ ಒಂದೇ ವಿಚಾರ. ಅವರವರೇ ಮಾಡಿಕೊಂಡರೆ ನನ್ನ ಕೈಯ ಮಾತೇ ಬರುವುದಿಲ್ಲ.

ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸುವಂತೆ ಕೂತು ಯೋಚಿಸಿದೆ. ಮೊಸರು, ಚೀಸು, ಸಾಸು ಎಲ್ಲ ಪಾಕೀಟಿನಲ್ಲಿ, ಅವರ ಕಣ್ಣೆದುರೇ ಒಡೆಯುವುದು. ಸವತೆಕಾಯಿ, ಟೊಮೆಟೊ, ಲಿಂಬೆ ಇಡಿಯಾಗಿ ಇಟ್ಟು, ಆಟವೆಂಬಂತೆ ತಾಯಂದಿರ ಕೈಗೇ ಚಾಕು ಕೊಡುವುದು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ ಮಾತ್ರ ಕಸ್ತೂರೆವ್ವನಿಂದ. ಅವಳ ಖಾನಾವಳಿಯಿಂದ ಊರಿನ ಎಲ್ಲರೂ ರೊಟ್ಟಿ ಒಯ್ಯುತ್ತಾರೆ. ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೊ ಒಳಕೋಣೆಗೆ ಒಯ್ದಿಟ್ಟೆ. ಬಲೂನು ಕಟ್ಟಲು ಮೊಳೆ ಬೇಕಿತ್ತು ಎಂದು ನಿನ್ನ ಅಳಿಯನಿಗೆ ಹೇಳಿದೆ. ಕೊನೆಗೆ, ನೀನು ಬಂದರೆ ಒಲೆಯ ಮುಂದೆ ಕೂಡದೆ ಇರುವವಳಲ್ಲ ಎಂದು, ನಿನಗೆ ಫೋನು ಮಾಡಿ ಜ್ವರದ ಕಥೆ ಹೇಳಿದೆ. ಆಗ ಅವರು, "ಫೋಟೋ ಒಳಗ ಇಟ್ಟಿ. ಅತ್ತಿಯಾರನ್ನೂ ಒಳಗ ಇಟ್ಟಂಗಾತು" ಎಂದು ಹೊರಗೆ ಹೋದರು.

ಹುಟ್ಟುಹಬ್ಬದ ರವಿವಾರ ಮುಂಜಾನೆ ಹತ್ತಕ್ಕೆ ಕಸ್ತೂರೆವ್ವನ ಫೋನು ಬಂತು. ಸಿಂದಗಿಯಲ್ಲಿ ಅವಳ ಅಕ್ಕ ಬಿದ್ದು ಕಾಲು ಮುರಿದುಕೊಂಡಿದ್ದಳು. "ಬಸ್‌ನ್ಯಾಗ ಕುಂತೇನ್ರಿ ಟೀಚರ, ತಪ್ಪ ತಿಳಕೋಬ್ಯಾಡ್ರಿ" ಎಂದಳು. ಐದು ಗಂಟೆಗೆ ಜನ. ಬೇರೆಲ್ಲೂ ಅಷ್ಟು ರೊಟ್ಟಿ ಸಿಗಲಿಲ್ಲ. ನಾನೇ ಹಿಟ್ಟಿಗೆ ಕುದಿನೀರು ಹಾಕಿ ಕೂತೆ.

ಅವ್ವ, ಬಿಸಿ ರೊಟ್ಟಿಯನ್ನು ಹಂಚಿನಿಂದ ತೆಗೆದ ಕೂಡಲೇ ಲಟ್ಟಣಿಗೆಯ ಮೇಲೆ ಮಡಚಿ ಹಿಡಿಯಬೇಕು. ತುಸು ತಡವಾದರೂ ಚಟ್ಟನೆ ಮುರಿಯುತ್ತದೆ. ಮೊದಲ ನಲವತ್ತು ಮುರಿದೇ ಹೋದವು. ಬೆರಳ ತುದಿಗಳು ಸುಟ್ಟು ಬೊಬ್ಬೆ ಬಂದವು. ನೀನಿದ್ದಿದ್ದರೆ ಒಂದು ತಾಸಿನ ಕೆಲಸ. ನೀನು ಬಾಗೇವಾಡಿಯಲ್ಲಿ ಮೊಮ್ಮಗಳ ಜ್ವರ ಇಳಿಯಲಿ ಎಂದು ಕಾಯುತ್ತಿದ್ದೆ. ನಾಲ್ಕೂವರೆಯ ಹೊತ್ತಿಗೆ ನೂರಾ ಅರವತ್ತು ರೊಟ್ಟಿ ಆದವು. ಪಲ್ಯವನ್ನು ಕಸ್ತೂರೆವ್ವನ ಹೆಸರು ಬರೆದ ಡಬರಿಗೆ ಸುರಿದೆ. ಬಡಿಸಲೆಂದು ಅವಳು ಕೊಟ್ಟ ಆ ಡಬರಿ ಹಿಂದಿನ ದಿನವೇ ಮನೆಗೆ ಬಂದಿತ್ತು.

ಜನ ಬಂದರು, ನಮ್ಮ ಸ್ಟಾಫಿನವರೂ ಬಂದರು. ಮೇಜಿನ ಹತ್ತಿರ ನಿಂತು ಒಬ್ಬಾಕೆ ಮೆಲ್ಲಗೆ ಕೇಳಿದಳು, "ರೊಟ್ಟಿ, ಪಲ್ಯ ಕಸ್ತೂರೆವ್ವಂದ ಹೌದಲ್ರಿ?"

"ಹೌದ್ರಿ" ಎಂದೆ.

ಆಮೇಲೆ ಎಲ್ಲರೂ ತಿಂದರು, ಅವ್ವ. ಮಕ್ಕಳು ಸಾಲು ಹಚ್ಚಿದರು. ತಾಯಂದಿರು ಉಳ್ಳಾಗಡ್ಡಿ ಹೆಚ್ಚಿದರು, ಒಬ್ಬರ ರೊಟ್ಟಿಯಲ್ಲಿ ಇನ್ನೊಬ್ಬರು ಲಿಂಬೆ ಹಿಂಡಿದರು. ನಮ್ಮ ಮನೆಯಲ್ಲಿ ಅಂಥ ಗದ್ದಲ ನಾನು ಯಾವತ್ತೂ ಕೇಳಿರಲಿಲ್ಲ. ವಸುಧಾ ಮೇಡಂ ಎಲ್ಲರಿಗೂ ಕೇಳುವಂತೆ, "ಕಸ್ತೂರೆವ್ವನ ಕೈಯಾಗಿನ ರುಚಿನ ಬ್ಯಾರೆ ಅದ ಬಿಡ್ರೀ" ಎಂದರು.

ಪಲ್ಲವಿ ಅಲ್ಲೇ ಇದ್ದಳು. "ಇಲ್ಲ ಮೇಡಂ, ಎಲ್ಲಾ ನಮ್ಮ ಮಮ್ಮಿನ ಮಾಡ್ಯಾಳ. ಆಕಿ ಕೈ ನೋಡ್ರಿ, ಹೆಂಗ ಸುಟ್ಟಾವ!" ಎಂದು ನನ್ನ ಕೈ ಹಿಡಿದೆತ್ತಿದಳು. ಹೆಮ್ಮೆಯಿಂದ ಎತ್ತಿದಳು, ಅವ್ವ.

ತಿನ್ನುತ್ತಿದ್ದವರ ಬಾಯಿಗಳು ನಿಂತವು. ಒಬ್ಬಾಕೆ ಮಗನ ಕೈಯ ರೊಟ್ಟಿಯನ್ನು ತೆಗೆದುಕೊಂಡು ಕೆಳಗಿಟ್ಟಳು. ನಾನು ಕೈ ಬಿಡಿಸಿಕೊಂಡು, "ಹುಡುಗ್ರ ಮಾತ್ರಿ. ಕಸ್ತೂರೆವ್ವ ಕಳಿಸಿದ್ದನ್ನ ಬಿಸಿ ಮಾಡಿದೆ, ಅಷ್ಟ" ಎಂದು ನಕ್ಕೆ. ಆಕೆ ಮಗನಿಗೆ ರೊಟ್ಟಿ ವಾಪಸು ಕೊಟ್ಟಳು. ಗದ್ದಲ ಮತ್ತೆ ಶುರುವಾಯಿತು.

ಪಲ್ಲವಿ ನನ್ನ ಮುಖ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದೂ ತಿನ್ನಲಿಲ್ಲ. ನೂರಾ ಅರವತ್ತರಲ್ಲಿ ಒಂದೂ ಉಳಿಯಲಿಲ್ಲ, ಅವಳು ತಿಂದದ್ದು ಒಂದೂ ಇಲ್ಲ. ಎಲ್ಲರೂ ಹೋದ ಮೇಲೆ ಬಾಗಿಲು ತೆರೆದು ಕೇಳಿದಳು, "ಅಜ್ಜಿಗೆ ಬರಬ್ಯಾಡ ಅಂದಿದ್ದೂ ಇದಕ್ಕ ಏನು?"

ಒಂಬತ್ತು ವರ್ಷದ ಹುಡುಗಿಯ ಎದುರು ನಾನು ಖಾಲಿ ಬೋಗುಣಿಗಳನ್ನು ಎತ್ತತೊಡಗಿದೆ. ಆವತ್ತಿನಿಂದ ಅವಳು ನನ್ನ ಕೂಡ ಬೇಕಾದಷ್ಟೇ ಮಾತಾಡುತ್ತಾಳೆ. ಅತ್ತ ನೀನು, ಇತ್ತ ಅವಳು. ಕರಿಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಮೊನ್ನೆ ಬಿಕ್ಕಿಬಿಟ್ಟೆ, ಮಕ್ಕಳೆದುರು.

ನಿನ್ನೆ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಹೇಳಿದೆ, ಅವತ್ತು ನೀವು ತಿಂದದ್ದು ನನ್ನ ಕೈಯ ರೊಟ್ಟಿ, ಕಸ್ತೂರೆವ್ವ ಸಿಂದಗಿಗೆ ಹೋಗಿದ್ದಳು ಎಂದು. ಇಬ್ಬರು ಡಬ್ಬಿ ಮುಚ್ಚಿ ಹೊರಗೆ ಹೋದರು. ಒಬ್ಬರು ಮೊಬೈಲು ನೋಡತೊಡಗಿದರು. ವಸುಧಾ ಮೇಡಂ ತಲೆ ತಗ್ಗಿಸಿ, "ನಂಗ ಗೊತ್ತಿತ್ತು ರೀ. ಆಕಿ ಅಂಗಡಿ ಮುಚ್ಚಿದ್ದು ಮುಂಜಾನೇ ನೋಡಿದ್ದೆ. ಉಳಿದವ್ರು ತಿನ್ಲಿ ಅಂತನ ಆಕಿ ಹೆಸರು ತಗೊಂಡೆ" ಎಂದರು. ಒಳ್ಳೆಯದಕ್ಕೆಂದೇ ಮಾಡಿದರು. ಅದನ್ನು ಕೇಳಿ ನನಗೆ ಉಪಕಾರ ಎನಿಸಲಿಲ್ಲ, ಸಿಟ್ಟೂ ಬರಲಿಲ್ಲ. ನನ್ನ ಡಬ್ಬಿ ತೆರೆದು ಊಟಕ್ಕೆ ಕೂತೆ.

ಇಪ್ಪತ್ತೊಂದರ ರವಿವಾರ ಮತ್ತೆ ಅದೇ ಊಟ ಇಟ್ಟಿದ್ದೇನೆ. ಎಲ್ಲರಿಗೂ ಹೇಳಿದ್ದೇನೆ, ರೊಟ್ಟಿ ನನ್ನ ತಾಯಿ ಸೀತವ್ವ ಬಡಿಯುತ್ತಾಳೆ, ಬರುವವರು ತಿಳಿದೇ ಬರ್ರಿ ಎಂದು. ವಸುಧಾ ಮೇಡಂ ಬರುತ್ತೇನೆ ಎಂದಿದ್ದಾರೆ. ಬೇರೆ ಯಾರೂ ಹೂಂ ಅಂದಿಲ್ಲ. ಯಾರೂ ಬರದಿದ್ದರೂ ಇರಲಿ, ಪಲ್ಲವಿ ತಿನ್ನಬೇಕು. ಇದನ್ನು ಹೇಳಿದಾಗ ಅವಳು ಕಾಗದದ ಮೇಲೆ "ಅಜ್ಜಿ ಟ್ಯಾಕೊ" ಎಂದು ಬರೆದು ಬಾಗಿಲಿಗೆ ಅಂಟಿಸಿದ್ದಾಳೆ. ನೀನು ಬಾರದಿದ್ದರೆ ಅದನ್ನು ಕಿತ್ತು ತೆಗೆಯುವ ಧೈರ್ಯ ನನಗಿಲ್ಲ.

ನನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಬಾ.

ನಿನ್ನ ಮಗಳು,
ಸೌಂದರ್ಯಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನೀನು ನಮ್ಮ ಸಾಲಿಯ ಬಿಸಿಯೂಟದ ಅಡುಗೆಗೆ ಸೇರಿದ್ದೆ. ಮೂರು ದಿನ ಮಕ್ಕಳು ತಾಟು ಮುಂದೆ ಮಾಡಲಿಲ್ಲ, ನಾಲ್ಕನೆಯ ದಿನ ನಿನ್ನನ್ನು ಬಿಡಿಸಿದರು. ಆ ಮೂರು ದಿನ ನೀನು ಸೌಟು ಹಿಡಿದು ನನ್ನ ಮುಂದೆಯೂ ನಿಂತಿದ್ದೆ. ನಾನು ಗೆಳತಿಯರ ನಡುವೆ ತಲೆ ತಗ್ಗಿಸಿ, ಹೊಟ್ಟೆ ನೋಯುತ್ತಿದೆ ಎಂದೆ. ನೀನು ಮನೆಯಲ್ಲಿ ಮೂರು ದಿನವೂ ಅಜವಾನ ಕುದಿಸಿ ಕುಡಿಸಿದೆ. ನನ್ನ ಹೊಟ್ಟೆ ನೋಯುತ್ತಿರಲಿಲ್ಲ, ಯವ್ವಾ.