ಬಂಡಿ ತರ್ರಿ ಅಂದವನು

ಖಟಕ ಚಿಂಚೋಳಿ,
ಜ್ಯೇಷ್ಠ ಶುದ್ಧ ಪಂಚಮಿ, ಬುಧವಾರ
ತಾ. ೧-೬-೧೯೪೯

ಚಿರಂಜೀವಿ ತಮ್ಮ ಮಡೆಪ್ಪನಿಗೆ ಅಣ್ಣ ಹಣಮಂತಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಲು ಈಗ ಹೇಗಿದೆ? ಸೊಲ್ಲಾಪುರದ ಮಿಲ್ಲಿನಲ್ಲಿ ಹಗಲೆಲ್ಲ ನಿಂತೇ ಕೆಲಸ ಮಾಡಬೇಕಂತೆ. ನಿಂತು ನಿಂತು ಬಾವು ಬರುತ್ತದೆಯೋ? ಎಣ್ಣೆ ಕಾಸಿ ತಿಕ್ಕುವವರು ಯಾರಾದರೂ ಇದ್ದಾರೋ? ರೊಟ್ಟಿಗೆ ಒಳ್ಳೆಯ ಜೋಳ ಸಿಗುತ್ತದೋ, ಇಲ್ಲ ರೇಷನ್ನಿನ ಮುಗ್ಗಲು ಹಿಟ್ಟೇ ಗತಿಯೋ? ನಿನ್ನ ಅತ್ತಿಗೆ ಕಾಂತಾಬಾಯಿ ಶೇಂಗಾ ಹಿಂಡಿ ಕುಟ್ಟಿ, ನೀನು ಉಣ್ಣುವಷ್ಟು ಖಾರ ಹಾಕಿ, ಡಬ್ಬಿ ತುಂಬಿಟ್ಟಿದ್ದಾಳೆ. ಅದು ಗೂಡಿನಲ್ಲಿಯೇ ಕೂತಿದೆ. ಯಾರದಾದರೂ ಕೈಯಲ್ಲಿ ಏನನ್ನಾದರೂ ಕೊಟ್ಟು ಕಳಿಸುವ ಧೈರ್ಯ ನಮ್ಮ ಮನೆಯಲ್ಲಿ ಈಗ ಉಳಿದಿಲ್ಲ. ಯಾಕೆ ಉಳಿದಿಲ್ಲವೆಂಬುದನ್ನೇ ಬರೆಯಲು ಕೂತಿದ್ದೇನೆ.

ಯುಗಾದಿ ಕಳೆದ ವಾರ ನಿನ್ನ ಕಾರ್ಡು ಬಂತು. ಮಠದ ಸಾಲೆಯಲ್ಲಿ ಇಬ್ಬರೂ ಒಂದೇ ಪಾಟಿಯ ಮೇಲೆ ತಿದ್ದಿದ ಅಕ್ಷರ, ನೋಡಿದ ಕೂಡಲೇ ಗುರುತಾಯಿತು. “ಅಣ್ಣಾ, ನಾ ಬದುಕೀನಿ. ಮಿಲ್ಲಿನ್ಯಾಗ ಕೆಲಸ ಸಿಕ್ಕದ. ನಿಮಗ ನಾ ಬ್ಯಾಡಾದೆ ಅಂತ ತಿಳೀತು. ಹುಡುಕಬ್ಯಾಡ್ರಿ.” ಇಷ್ಟೇ. ಅವ್ವನಿಗೆ ಓದಿ ಹೇಳುವಾಗ ಕಡೆಯ ಎರಡು ಮಾತು ನುಂಗಿಕೊಂಡೆ. ಅವಳು ನನ್ನ ಮುಖ ನೋಡಿ, “ಪೂರಾ ಓದೋ” ಅಂದಳು. ಓದಿದೆ. ಎರಡು ಸಲ ನಿನ್ನ ಕಡೆ ಹೊರಟು ಹುಮನಾಬಾದಿನವರೆಗೆ ಬಂದು ಮರಳಿದ್ದೇನೆ ತಮ್ಮಾ. ನಿನ್ನ ಮುಂದೆ ನಿಂತು ಏನು ಹೇಳಬೇಕೆಂಬುದು ಬಾಯಿಗೆ ಬರಲಿಲ್ಲ. ಕಾಗದದ ಮೇಲಾದರೂ ಬರುತ್ತದೆಯೋ ನೋಡುತ್ತೇನೆ.

ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ನೀನು ಕುರಿ ಹೊಡೆದುಕೊಂಡು ಔರಾದ ಕಡೆಗೆ ಹೋದೆ. ರಝಾಕಾರರ ಗದ್ದಲದಲ್ಲಿ ಹರೆಯದ ಹುಡುಗರು ಊರಲ್ಲಿರುವುದು ಬೇಡವೆಂದು ಅವ್ವನೇ ಕಳಿಸಿದ್ದಳು. ಆಷಾಢದಲ್ಲಿ ನಿನ್ನ ಜೊತೆ ಹೋದ ಮುದುಕ ಧೊಂಡಿಬಾ ಒಬ್ಬನೇ ಬಂದ. ಮಾಂಜ್ರಾ ಹೊಳೆಯ ದಂಡೆಯಲ್ಲಿ ಗುಂಡಿನ ಸದ್ದಿಗೆ ಕುರಿ ದಿಕ್ಕಾಪಾಲಾದವು, ನೀನು ಅವುಗಳ ಬೆನ್ನು ಹತ್ತಿ ಓಡಿದವನು ಮತ್ತೆ ಕಾಣಲಿಲ್ಲ ಅಂದ. ಚೌತಿ ಮುಗಿದ ವಾರ ಹಿಂದುಸ್ತಾನದ ಫೌಜು ಬಂತು, ನಿಜಾಮನ ರಾಜ್ಯ ಮುಗಿಯಿತು. ಓಡಿಹೋದವರು ಒಬ್ಬೊಬ್ಬರಾಗಿ ಮರಳಿದರು. ಅವ್ವ ದಿನಾ ಊರ ಬಾವಿಯ ಕಟ್ಟೆಯ ಮೇಲೆ ಕೂತು ಭಾಲ್ಕಿಯ ದಾರಿ ನೋಡುತ್ತಿದ್ದಳು. ಹೋಗಿ ಬರುವವರಿಗೆಲ್ಲ ನಿನ್ನ ಹೆಸರು, ನಿನ್ನ ಎತ್ತರ, ಹುಬ್ಬಿನ ಮೇಲಿನ ಗಾಯದ ಕಲೆ, ಎಲ್ಲ ಹೇಳುತ್ತಿದ್ದಳು.

ಆ ಬಾವಿಯ ಹತ್ತಿರವೇ ದಸರೆಯ ಹೊತ್ತಿಗೆ ಕಾಶೀರಾಮ ಎಂಬವನು ಬಂದ. ಬಿಳಿ ಟೊಪ್ಪಿಗೆ, ಮೆತ್ತಗಿನ ಮಾತು. ಮೊದಲ ದಿನ ನೀರು ಕೇಳಿ, ಕುಡಿದು, ಅವ್ವನ ಮಾತು ಕೇಳಿಸಿಕೊಂಡು ಹೋದ. ಎರಡು ದಿನ ಬಿಟ್ಟು ನಾನು ಹೊಲದಲ್ಲಿದ್ದಾಗ ನೇರ ಮನೆಗೆ ಬಂದ. “ಅವ್ವಾ, ನಿಮ್ಮ ಮಡೆಪ್ಪ ಬೀದರ ಜೇಲಿನ್ಯಾಗ ಅದಾನ್ರಿ. ತಪ್ಪಿ ಹಿಡದಾರ. ಹುಬ್ಬಿನ ಮ್ಯಾಲ ಕಲೆ ಅದ ನೋಡ್ರಿ, ಅಂವನೇ” ಎಂದನಂತೆ. ಅವ್ವ ಅವನನ್ನು ಒಳಗೆ ಕರೆದು ಕೂಡಿಸಿದಳು. ಜೇಲಿನಲ್ಲಿ ಒಬ್ಬ ಕಾರಕೂನನ ಗುರುತಿದೆ, ಅವನ ಕೈ ಬೆಚ್ಚಗೆ ಮಾಡಿದರೆ ಬಿಡುತ್ತಾರೆ, ಯಾರಿಗೂ ಹೇಳಬೇಡಿ, ಹೇಳಿದರೆ ಕಾರಕೂನನ ನೌಕರಿ ಹೋಗುತ್ತದೆ, ಇವತ್ತೇ ಆಗಬೇಕು, ನಾಳೆ ಹೈದರಾಬಾದಿಗೆ ಒಯ್ಯುತ್ತಾರೆ ಅಂದ. ಅವ್ವ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿಕೊಟ್ಟಳು. ನಿನಗೆಂದು ಕಂಬಳಿ, ಹತ್ತು ರೊಟ್ಟಿ, ಹಿಂಡಿ ಕಟ್ಟಿಕೊಟ್ಟಳು.

ಅವನು ಮತ್ತೊಂದು ಸಲ ಬಂದ. ಆಗ ನಾನೂ ಇದ್ದೆ. ನೀನು ರೊಟ್ಟಿ ಹಣೆಗೊತ್ತಿಕೊಂಡು ಅತ್ತೆಯೆಂದು ಹೇಳಿದ. ನಾನು, ಭಾಲ್ಕಿ ಬಜಾರದಲ್ಲಿ ಚೌಕಾಶಿ ಮಾಡಿ ಹೆಸರಾದವನು, ಅವನ ಮಾತು ಕೇಳಿ ಕಣ್ಣೊರೆಸಿಕೊಂಡೆ. ಕಾರಕೂನನಿಗೆ ಇನ್ನೂ ಬೇಕಂತೆ ಎಂದಾಗ ನನ್ನ ಕೈಯಿಂದಲೇ ಕಾಂತಾಬಾಯಿ ತೊಡುವ ಬಂಗಾರದ ಬಳೆ, ಬಿಲ್ವಾರ ಕೊಟ್ಟೆ. ಆಮೇಲೆ ಅವನು ಬರಲಿಲ್ಲ.

ಹದಿನೈದು ದಿನ ಕಾಯ್ದು ನಾನು, ಅವ್ವ ಬೀದರಕ್ಕೆ ಹೋದೆವು. ಜೇಲಿನ ಬಾಗಿಲಲ್ಲಿ ನಮ್ಮಂಥವರು ಮೂವತ್ತು ನಲವತ್ತು ಜನ ಗಂಟು ಹಿಡಿದು ಕೂತಿದ್ದರು. ಪೊಲೀಸಿನವನು ದಫ್ತರ ತೆರೆದು ಎರಡು ಸಲ ನೋಡಿದ. ನಿನ್ನ ಹೆಸರು ಅದರಲ್ಲಿ ಇರಲಿಲ್ಲ, ಎಂದೂ ಇರಲಿಲ್ಲ. ನಮ್ಮ ಪಕ್ಕದಲ್ಲಿ ಚಿದ್ರಿಯ ಒಬ್ಬ ಮುದುಕಿ ಇದ್ದಳು, ಮಗ ಮುರ್ತುಜಾನನ್ನು ಹುಡುಕಿ ಬಂದವಳು. ಅವಳ ಮನೆಗೆ ಬಂದವನು ತನ್ನ ಹೆಸರು ಸಲಾವುದ್ದೀನ ಎಂದಿದ್ದನಂತೆ. ಎಡಗೈಯ ಕಿರುಬೆರಳಿಗೆ ಉಗುರಿರಲಿಲ್ಲ ಅಂದಳು. ಕಾಶೀರಾಮನಿಗೂ ಇರಲಿಲ್ಲ. ಆ ಮುದುಕಿ ಅವ್ವನ ಕೈ ಹಿಡಿದು, “ಮಗನ ಹೆಸರ ಅಂವಗ ನಾನೇ ಹೇಳ್ದೆ ಅಕ್ಕಾ. ಗಲ್ಲದ ಮ್ಯಾಲಿನ ಮಚ್ಚಿ ಸುದ್ದಿನೂ ನಾನೇ ಹೇಳ್ದೆ. ಮರದಿನ ಬಂದು ಅದನ್ನೇ ನನಗ ತಿರುಗಿ ಹೇಳ್ದ. ಖರೆ ಅಂತ ಖುಷಿಯಾಗಿ ಅತ್ತೆ” ಅಂದಳು. ಇಬ್ಬರೂ ಆ ಗೋಡೆಯ ನೆರಳಿನಲ್ಲಿ ಬಹಳ ಹೊತ್ತು ಕೂತಿದ್ದರು. ಬರುವಾಗ ಅವ್ವ ನಿನಗೆಂದು ಒಯ್ದ ರೊಟ್ಟಿ ಅವಳ ಸೆರಗಿಗೆ ಹಾಕಿ ಬಂದಳು.

ಊರಿಗೆ ಬಂದ ಮೇಲೆ ಜನ ನಕ್ಕರು. ಎದುರಿಗೆ ಯಾರೂ ನಗಲಿಲ್ಲ. ಆದರೆ ನಾನು ಕಟ್ಟೆಯ ಕಡೆ ಬಂದರೆ ಮಾತು ನಿಲ್ಲುತ್ತಿತ್ತು. ಆ ನಗೆ ನನಗೆ ತಡೆಯಲಾಗಲಿಲ್ಲ. ನಾನೇ ಎಲ್ಲರಿಗೂ ಬುದ್ಧಿ ಹೇಳತೊಡಗಿದೆ: ಯಾರೇ ಸುದ್ದಿ ತಂದರೂ ಮೊದಲು ಅವನೇ ಮಾತಾಡಲಿ, ನೀವು ಹೆಸರು ಕೂಡ ಬಿಡಬೇಡಿ, ಗಡಿಬಿಡಿ ಮಾಡುವವನನ್ನು, ಗುಟ್ಟು ಇಡು ಎನ್ನುವವನನ್ನು ನಂಬಬೇಡಿ, ಮನೆಯ ಗಂಡಸಿಲ್ಲದಾಗ ಬಂದವನನ್ನು ಹೊಸ್ತಿಲು ದಾಟಿಸಬೇಡಿ. ತಪ್ಪು ಮಾತೇನಲ್ಲ. ಮೂರು ಮನೆಗಳು ನನ್ನ ಮಾತಿನಿಂದ ಉಳಿದವು. ಜನ ನನ್ನನ್ನು ಮತ್ತೆ ಹುಷಾರಿನವನು ಎನ್ನತೊಡಗಿದರು. ಅದು ನನಗೆ ಬಹಳ ರುಚಿಸಿತು ತಮ್ಮಾ.

ಆಗ ಎಳ್ಳ ಅಮಾವಾಸ್ಯೆ ಬಂತು. ಹೊಲದಲ್ಲಿ ಜೋಳದ ಕಣಿಕೆ ನಿಲ್ಲಿಸಿ ಪುಟ್ಟ ಗುಡಿಸಲಿನಂಥ ಕೊಪ್ಪೆ ಹಾಕಿ, ಪೂಜೆ ಮಾಡಿ, ಭಜ್ಜಿ, ಅಂಬಲಿ ಬಡಿಸಿಕೊಂಡು ಕೂತಿದ್ದೆವು. ಸುತ್ತಲಿನ ಹೊಲದವರೂ ಬಂದಿದ್ದರು. ಬದುವಿನ ಮೇಲಿಂದ ಒಬ್ಬ ಮುದುಕ ಇಳಿದು ಬಂದ. ಮೊಣಕಾಲಿನವರೆಗೆ ಧೂಳು, ಕೈಬೆರಳು ಕಪ್ಪಗೆ ಸುಟ್ಟಂತಿದ್ದವು. ಹೆಸರು ಅಬ್ದುಲ ಖಾದರ, ಔರಾದದಲ್ಲಿ ಪಾತ್ರೆಗೆ ಕಲಾಯಿ ಹಾಕುವವನು ಅಂದ. ರಝಾಕಾರರ ಸೇಡನ್ನು ಕಂಡ ಕಂಡ ಮುಸಲ್ಮಾನರ ಮೇಲೆ ತೀರಿಸುತ್ತಿದ್ದ ಆ ದಿನಗಳಲ್ಲಿ ಅವನಂಥವನು ಒಬ್ಬನೇ ಅಷ್ಟು ದೂರ ನಡೆದು ಬರುವುದೆಂದರೆ ಏನೆಂದು ನಿನಗೆ ಗೊತ್ತು. ನನಗೂ ಗೊತ್ತಿತ್ತು. “ಹಣಮಂತಪ್ಪನೋರು ಯಾರ್ರಿ? ನಿಮ್ಮ ತಮ್ಮ ನಮ್ಮ ಮನ್ಯಾಗ ಅದಾನ್ರಿ. ಕಾಲ ಮುರದದ. ಎರಡ ಕಾರ್ಡ ಹಾಕ್ಯಾನ, ನಿಮಗ ಮುಟ್ಟಿಲ್ಲ ಕಾಣ್ತದ. ಒಂದ ಬಂಡಿ ತರ್ರಿ, ಹುಲ್ಲ ಹಾಸಿ ಮಲಗಿಸ್ಕೊಂಡ ಬರಬೇಕು” ಅಂದ.

ಅವ್ವ ಎದ್ದು ನಿಂತಳು. ನಾನು ಅವಳ ಕೈ ಹಿಡಿದು ಕೂಡಿಸಿದೆ. ಗುರುತು ಏನು ಎಂದೆ. ಹುಬ್ಬಿನ ಮೇಲಿನ ಕಲೆ ಅಂದ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆಗ ಅವನು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಇನ್ನೊಂದ ಹೇಳ್ಯಾನ್ರಿ. ಬಾವ್ಯಾಗ ತಾಮ್ರದ ಕೊಡಾ ಬಿಟ್ಟಾಂವ ಯಾರು, ಬಡಿಸಿಕೊಂಡಾಂವ ಯಾರು, ಅಣ್ಣಗ ಕೇಳ್ರಿ ಅಂತ” ಅಂದ.

ಮಡೆಪ್ಪಾ, ಆ ಕೊಡ ಬಿಟ್ಟವನು ನಾನು. ನೀನು ಎಂಟು ವರ್ಷದವನು, ನನ್ನ ಬದಲಿಗೆ ಅಪ್ಪನ ಕೈಯಲ್ಲಿ ಬಾರುಕೋಲಿನ ಏಟು ತಿಂದೆ. ಅದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿಯೇ ನನಗೆ ತಿಳಿಯಿತು, ಇವನು ನಿನ್ನ ಹತ್ತಿರದಿಂದಲೇ ಬಂದಿದ್ದಾನೆಂದು. ತಿಳಿಯಲಿಲ್ಲವೆಂದು ಬರೆದರೆ ನೀನು ನಂಬಿಬಿಡಬಹುದು, ಆದರೆ ಅದು ಸುಳ್ಳಾಗುತ್ತದೆ. ತಿಳಿಯಿತು. ಆದರೆ ಇಪ್ಪತ್ತು ಜನ ನನ್ನ ಮುಖ ನೋಡುತ್ತಿದ್ದರು. ಮತ್ತೊಮ್ಮೆ ಮೋಸ ಹೋದರೆ ಈ ಊರಲ್ಲಿ ತಲೆ ಎತ್ತುವುದು ಹೇಗೆ ಎಂಬ ಒಂದೇ ಭಯ. ದಾರಿಯಲ್ಲಿ ಬಂಡಿ ಎತ್ತು ಕಸಿಯುವ ಹಂಚಿಕೆ ಇದು, ನಿನ್ನನ್ನು ಬಡಿದು ಈ ಗುರುತು ಕೇಳಿಕೊಂಡು ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಕಾಸು ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಮನೆಯಲ್ಲಿ ಗಂಡಸಿಲ್ಲದ ಹೊತ್ತು ನೋಡಿ ಬರಲಿಲ್ಲ, ಎಲ್ಲರೆದುರು ನನ್ನ ಹೆಸರು ಹಿಡಿದೇ ಕೇಳಿದ. ನಾನು ಊರಿಗೆ ಕಲಿಸಿದ ಪಾಠದ ಪ್ರಕಾರವೂ ಅವನು ಸಾಚಾ ಮನುಷ್ಯನೇ. ಅದನ್ನೇ ನಾನು ನೋಡಲಿಲ್ಲ.

“ಇಂವನೂ ಆ ಕಾಶೀರಾಮನ ಟೋಳಿಯಾಂವ” ಅಂದೆ. ಅಷ್ಟು ಸಾಕಾಯಿತು. ಹುಡುಗರು ಅವನನ್ನು ನೂಕಿದರು, ಟೊಪ್ಪಿಗೆ ಬಿತ್ತು. ಅವ್ವ ಅವನಿಗೆಂದು ತಂದ ರೊಟ್ಟಿಯನ್ನು ನಾನೇ ಕೈಯಿಂದ ಕಿತ್ತುಕೊಂಡೆ. “ಅವನ ಕಣ್ಣ ನೋಡೋ ಹಣಮಾ, ಖರೆ ಮಂದಿ ಕಣ್ಣ ಅವು” ಎಂದು ಅವ್ವ ಕೂಗಿದಳು. ಅವನು ಟೊಪ್ಪಿಗೆ ಝಾಡಿಸಿ ಹಾಕಿಕೊಂಡ. “ನಾ ಹೇಳೂದು ಹೇಳೀನ್ರಿ. ಬಂಡಿ ಇಲ್ಲಂದ್ರ ಅಂವ ಬರಲಾರ” ಅಂದು ಬಂದ ದಾರಿಯಲ್ಲಿಯೇ ಹೊರಟುಹೋದ. ಅವ್ವ ಆ ದಿನ ಉಣ್ಣಲಿಲ್ಲ. ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತು.

ನಿನ್ನ ಕಾರ್ಡು ಬಂದ ಮೇಲೆ ನಾನು ಔರಾದಕ್ಕೆ ಹೋದೆ. ಅಬ್ದುಲ ಖಾದರ ತಿದಿ ಊದುತ್ತ ಕೂತಿದ್ದ. ಗುರುತು ಹಿಡಿದ, ತಿದಿ ಊದುತ್ತಲೇ ಇದ್ದ. ನಾನು ಅವನ ಕಾಲ ಹತ್ತಿರ ಕೂತೆ. ಹೊಳೆಯ ಕೊರಕಲಿನಲ್ಲಿ ಬಿದ್ದಿದ್ದ ನಿನ್ನನ್ನು ಕತ್ತೆಯ ಮೇಲೆ ಹೇರಿಕೊಂಡು ತಂದದ್ದು, ಕೀವು ತುಂಬಿದ ಕಾಲನ್ನು ಅವನ ಹೆಂಡತಿ ತೊಳೆದದ್ದು, ಎಲ್ಲ ಅವನೇ ಹೇಳಿದ. ಫೌಜು ಬಂದ ಮೇಲಿನ ಕೆಟ್ಟ ದಿನಗಳಲ್ಲಿ ಗುಂಪು ಬಂದಾಗ ನೀನು ಕೋಲು ಊರಿಕೊಂಡು ಅವನ ಹೊಸ್ತಿಲ ಮೇಲೆ ಕೂತು, “ಇದು ನನ್ನ ಮನಿ, ನಾ ಮಡೆಪ್ಪ, ಒಳಗ ನಮ್ಮವ್ವ ಅದಾಳ” ಎಂದು ಮೂರು ದಿನ ಮೂರು ರಾತ್ರಿ ಕಾಯ್ದೆಯಂತೆ. ಹೇಳುವಾಗ ಅವನ ತಿದಿ ನಿಂತಿತು. ನಮ್ಮ ಮನೆಯಲ್ಲಿ ಇಂಥವನು ಹುಟ್ಟಿದ್ದನೆಂದು ನನಗೆ ಒಬ್ಬ ಕಲಾಯಿಯವನು ತಿಳಿಸಬೇಕಾಯಿತು.

ಹೊಲದಲ್ಲಿ ನಡೆದದ್ದನ್ನು ಅವನು ನಿನಗೆ ಹೇಳಿರಲೇ ಇಲ್ಲ. “ಬಂಡಿ ಅಚ್ಚ ಮುರದದ, ಮಾಡಿಸಿಕೊಂಡ ಬರ್ತಾರ ಅಂತ ಹೇಳ್ದೆ. ದಿನಾ ಕೇಳ್ತಿದ್ದ, ದಿನಾ ಅದೇ ಹೇಳ್ದೆ. ನಾ ಅಂವಗ ಹೇಳಿದ ಸುಳ್ಳ ಅಂದ್ರ ಅದೊಂದ ನೋಡ್ರಿ” ಅಂದ. ಒಂದು ತಿಂಗಳು ನೀನು ದಾರಿ ನೋಡಿದೆ. ಆಮೇಲೆ ಭಾಲ್ಕಿ ಕಡೆಯ ಒಬ್ಬ ಹತ್ತಿ ವ್ಯಾಪಾರಿ ಔರಾದ ಸಂತೆಯಲ್ಲಿ, ಚಿಂಚೋಳಿಯ ಹಣಮಂತಪ್ಪ ಎಂಥ ಹುಷಾರಿ, ಕಳ್ಳನನ್ನು ಹೊಲದಿಂದ ಓಡಿಸಿದ ಎಂದು ನಗುತ್ತ ಹೇಳಿದನಂತೆ. ಅದು ನಿನ್ನ ಕಿವಿಗೆ ಬಿತ್ತು. ಮರುದಿನವೇ ಕೋಲು ಹಿಡಿದು ನೀನು ಹೊರಟೆ.

ನಾನು ಕ್ಷಮೆ ಕೇಳಿದೆ. “ನಮ್ಮ ಮನಿಗೂ ಇಬ್ಬರ ಬಂದ ಹೋಗ್ಯಾರ್ರಿ, ಜೇಲಿನ್ಯಾಗಿರೋ ನಮ್ಮ ಅಣ್ಣನ ಮಗನ್ನ ಬಿಡಿಸಿಕೊಡ್ತೀವಿ ಅಂತ. ಈಗ ಖರೆ ಮನಶ್ಯಾ ಬಂದ್ರೂ ನಾ ಬಾಗಲ ತೆಗ್ಯಾಕ ಹೆದರ್ತೇನಿ” ಅಂದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ.

ಬೋರಮಾಳ ಹೋದದ್ದಕ್ಕೆ ನನಗೀಗ ದುಃಖವಿಲ್ಲ. ಕಾಶೀರಾಮ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಅವನು ಒಯ್ದದ್ದು ಬರೀ ಬಂಗಾರವಾಗಿದ್ದರೆ ಎಷ್ಟು ಚೆನ್ನಾಗಿತ್ತು. ನೀನೂ ಪರಸ್ಥಳದಲ್ಲಿದ್ದೀ. ಕೆಲಸ ಕೊಡಿಸುತ್ತೇನೆ, ಖೋಲಿ ಕೊಡಿಸುತ್ತೇನೆ ಎನ್ನುವವರು ಅಲ್ಲಿಯೂ ಇರುತ್ತಾರೆ; ಅವಸರ ಮಾಡಿಸಿದರೆ ಒಂದು ದಿನ ತಡೆ, ಬೇರೆ ಇಬ್ಬರನ್ನು ಕೇಳು. ಆದರೆ ಕೇಳದೆ ಯಾರನ್ನೂ ನೂಕಬೇಡ. ಇಷ್ಟನ್ನು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತೇನೆ.

ಕಾಂತಾಬಾಯಿ ನಿನ್ನನ್ನು ಬಹಳ ಕೇಳಿದ್ದಾಳೆ. ಧೊಂಡಿಬಾ ನಿನ್ನ ಹೆಸರು ಹೇಳಿದರೆ ಈಗಲೂ ಅಳುತ್ತಾನೆ. ಬಸವಣ್ಣ ನಿನ್ನ ಕಾಲಿಗೆ ಬಲ ಕೊಡಲಿ, ನಿನ್ನ ಮನಸ್ಸಿನ ನೋವು ನನ್ನ ಕಡೆಗೆ ತಿರುಗಲಿ.

ನಿನ್ನ ಅಣ್ಣ,
ಹಣಮಂತಪ್ಪ

ತಾ.ಕ.: ಅವ್ವ ಹಾಸಿಗೆ ಹಿಡಿದು ಹನ್ನೊಂದು ದಿನವಾಯಿತು. ನಿನ್ನೆಯಿಂದ ಗಂಜಿಯೂ ಇಳಿಯುತ್ತಿಲ್ಲ. ಭಾಲ್ಕಿಗೆ ಹೋಗಿ ತಾರು ಕೊಡ್ರಿ ಅಂತ ಕಾಂತಾ ಹೇಳಿದಳು. ತಾಯಿಗೆ ಜಡ್ಡು, ಕೂಡಲೇ ಬಾ ಎಂಬ ತಾರು ಬಂದಿದ್ದರೆ ನಾನೇ ನಂಬುತ್ತಿರಲಿಲ್ಲ. ಮೋಸದವರೆಲ್ಲ ಮೊದಲು ಹೇಳುವುದು ಅದನ್ನೇ. ಅದಕ್ಕೇ ಮೇಲಿನದೆಲ್ಲ ಮೊದಲು ಬರೆದೆ. ಅವಳನ್ನು ಬಿಟ್ಟು ನಾನು ಬರಲಾರೆ. ನನ್ನ ಮಾತು ನಂಬಬೇಡ, ಸೊಲ್ಲಾಪುರದಲ್ಲಿ ನಮ್ಮ ಕಡೆಯವರು ಯಾರು ಸಿಕ್ಕರೂ ಕೇಳು, ಕೇಳಿ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೀನು ಬಂದಾಗ ನಾನು ಹೊಲದಲ್ಲಿ ಇರುತ್ತೇನೆ, ಕರೆಯುವವರೆಗೆ ಮನೆಗೆ ಬರುವುದಿಲ್ಲ. ಬಂದು ಅವ್ವನನ್ನು ನೋಡಿಕೊಂಡು ಹೋಗು.