ಸೀಲ್ ಒಡೆಯದ ಡಬ್ಬಿ

ಅಂಗಡಿಯ ಹಿಂದಿನ ಕೋಣೆ,
ಜುಲೈ ೧೪, ಸೋಮವಾರ ಮಧ್ಯಾಹ್ನ

ನನ್ನ ಮೊಂಡು ತಮ್ಮನಿಗೆ ಅಕ್ಕನ ಪ್ರೀತಿ.

ಹೇಗಿದ್ದೀಯೋ? ಕ್ಯಾಂಪಿನ ಅಡುಗೆಮನೆಯ ಸೆಕೆಗೆ ಸೊರಗಿ ಹೋಗಿಲ್ಲ ತಾನೇ? ಜ್ವರ ಬರ್ತಿದೆಯಾ, ಕೆಮ್ಮು ಇದೆಯಾ, ಬಾಯಲ್ಲಿ ಹುಣ್ಣು ಎದ್ದಿದೆಯಾ? ಸುಮ್ಮನೆ ಕೇಳ್ತಿಲ್ಲ ಕಣೋ. ನಾನು ಮಾತ್ರೆ ಅಂತ ಬಾಯಿ ತೆಗೆಯೋದೇ ತಡ, ಸಿಗ್ನಲ್ ಇಲ್ಲ ಅಂತ ಫೋನ್ ಇಟ್ಟುಬಿಡ್ತೀಯ. ರಸ್ತೆ ಕೆಲಸದವರಿಗೆಲ್ಲ ಸಿಗುವ ಸಿಗ್ನಲ್ ಅಡುಗೆಯವನಿಗೆ ಮಾತ್ರ ಸಿಗೋದಿಲ್ಲ, ಪಾಪ! ಅದಕ್ಕೇ ಹೊಲಿಗೆ ಬಿಟ್ಟು ಕಾಗದ ಬರೆಯೋಕೆ ಕೂತೆ. ಇಲ್ಲಿ ನಾವು ಚೆನ್ನಾಗಿದ್ದೀವಿ. ನಿನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಮಿಷಿನ್ ಮೇಲಿದ್ದಾಳೆ.

ನಿನ್ನೆ ನಿನ್ನ ಬೀರು ಒರೆಸುವಾಗ ಸ್ವೆಟರುಗಳ ಹಿಂದೆ ಮಾತ್ರೆ ಡಬ್ಬಿ ಸಿಕ್ಕಿತು. ಸೀಲ್ ಕೂಡ ಒಡೆದಿಲ್ಲ. ರಜೆಗೆ ಬಂದಾಗ "ರಿಪೋರ್ಟಲ್ಲಿ ವೈರಸ್ಸೇ ಕಾಣ್ತಿಲ್ವಂತೆ ಅಕ್ಕಾ, ಎಚ್‌ಐವಿ ಗಂಟುಮೂಟೆ ಕಟ್ಟಿತು" ಅಂತ ಕುಣಿದಾಡಿದ್ದೆಯಲ್ಲ, ಅದು ನೆನಪಾಯ್ತು. ಕಾಣ್ತಿಲ್ಲ ಅಂದ್ರೆ ಹೋಯ್ತು ಅಂದುಕೊಂಡು ಮಾತ್ರೆಗೇ ಎಳ್ಳುನೀರು ಬಿಟ್ಟೆಯೇನೋ, ಮಹಾನುಭಾವ?

ಇವತ್ತು ಬೆಳಿಗ್ಗೆ ನಿನ್ನ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಹೇಳಿದ್ದು ಕೇಳ್ತಾ ಕೇಳ್ತಾ ನನಗೆ ನಿನ್ನ ಹಳೇ ಕಿತಾಪತಿಯೇ ಕಣ್ಣಿಗೆ ಕಟ್ಟಿತು. ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ್ದ, ಬಟ್ಟೆ ಕತ್ತರಿಸೋಕೆ ಅಳತೆಗಿಡುವ ಪೇಪರ್ ಕಟಿಂಗ್‌ಗಳ ಕಟ್ಟಿನಲ್ಲಿ ನೀನೇ ಕತ್ತರಿಸಿದ ಮೋಟು ತೋಳಿನ ಕಾಗದ ಸೇರಿಸಿದ್ದೆಯಲ್ಲ? ಕಟ್ಟಿನಲ್ಲಿದೆ ಅಂದಮೇಲೆ ನಮ್ಮಲ್ಲಿ ಯಾರೂ ಪ್ರಶ್ನೆ ಕೇಳಲ್ಲ, ಬಟ್ಟೆ ಮೇಲಿಟ್ಟು ಕತ್ತರಿಸೋದೇ. ನಾನೂ ಮನಸ್ಸಿಟ್ಟು ಯೂನಿಫಾರಂಗಳಿಗೆಲ್ಲ ಮೋಟು ತೋಳು ಹೊಲಿದೆ. ಈ ವೈರಸ್ ಮಾಡೋದೂ ಅದನ್ನೇ ಕಣೋ. ನಿನ್ನ ರಿಪೋರ್ಟಿನಲ್ಲಿ ಸಿಡಿ4 ಅಂತ ಬರೆದಿರ್ತಾರಲ್ಲ, ರಕ್ತದ ಆ ಬಿಳಿ ಕಣಗಳು ರೋಗ ಬಂದಾಗ ಉಳಿದ ಕಣಗಳನ್ನು ಕೂಗಿ ಕೆಲಸಕ್ಕೆ ಹಚ್ಚೋ ಮೇಸ್ತ್ರಿಗಳಂತೆ. ವೈರಸ್ ಹೋಗಿ ಅವುಗಳ ಮೈಗೇ ಅಂಟಿ ಒಳಗೆ ನುಗ್ಗುತ್ತೆ, ಕಣದ ಸ್ವಂತ ನಕ್ಷೆಯೊಳಗೆ ತನ್ನ ನಕ್ಷೆ ಸೇರಿಸಿಬಿಡುತ್ತೆ. ಆಮೇಲೆ ಆ ಬಡಪಾಯಿ ಕಣ ತನ್ನದೇ ಕೆಲಸ ಅಂದುಕೊಂಡು ವೈರಸ್ಸನ್ನೇ ತಯಾರಿಸಿ ತಯಾರಿಸಿ ಸಾಯುತ್ತೆ. ಮೇಸ್ತ್ರಿಗಳೇ ಇಲ್ಲದಿದ್ದರೆ ಸಣ್ಣ ಕೆಮ್ಮೂ ದೊಡ್ಡ ರೋಗವಾಗುತ್ತೆ.

ಮಾತ್ರೆ ಈ ವೈರಸ್ಸನ್ನು ಹೊಸ ಕಣಗಳಿಗೆ ಹರಡದ ಹಾಗೆ ತಡೆಯುತ್ತೆ. ರಿಪೋರ್ಟಿನಲ್ಲಿ ಕಾಣದೇ ಇದ್ದದ್ದು ಮಾತ್ರೆಯ ದೆಸೆಯಿಂದಲೇ. ಆದರೆ ಕೆಲವು ಕಣಗಳು ಆ ನಕ್ಷೆಯನ್ನು ಇಟ್ಟುಕೊಂಡೇ ಮಲಗಿಬಿಡ್ತಾವಂತೆ. ಅವು ಆ ಪರೀಕ್ಷೆಗೂ ಕಾಣಲ್ಲ, ಮಾತ್ರೆಗೂ ಸಿಗಲ್ಲ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎದ್ದು ಮತ್ತೆ ಶುರು ಹಚ್ಚಿಕೊಳ್ಳುತ್ತವೆ. ಮಾತ್ರೆ ತಪ್ಪಿಸದಿದ್ದರೆ ಹೆಂಡತಿಗೆ ಅಂಟೋದಿಲ್ಲ ಅಂತ ನಿಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರಲ್ಲ, ಆ ಧೈರ್ಯವೂ ಆಗ ಉಳಿಯೋದಿಲ್ಲ. ಇದನ್ನು ಕೇಳಿ ಬಂದು ಹೊಲಿಯೋಕೆ ಕೂತವಳು ಸೂಜಿ ಬೆರಳಿಗೇ ಚುಚ್ಚಿಕೊಂಡೆ.

ಡಬ್ಬಿಯನ್ನು ಲಾರಿ ಡ್ರೈವರ್ ಕೈಯಲ್ಲಿ ಕಳಿಸ್ತಿದ್ದೀನಿ. ಡಾಕ್ಟರಮ್ಮನಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮತ್ತೆ ಶುರು ಮಾಡು. ನಾಚಿಕೆ ಪಡಬೇಡ, ಅವರು ಬೈಯೋದಿಲ್ಲ. ಬೈಯೋಕೆ ನಾನಿದ್ದೀನಲ್ಲ. ಅಪ್ಪ ಅಮ್ಮ ಹೋದಮೇಲೆ ನಿನ್ನನ್ನು ಎತ್ತಿ ಆಡಿಸಿದ ಕೈ ಇದು, ನೀನು ಇಲ್ಲದ ಮನೆ ನನಗೆ ಬೇಡ. ನೂರು ವರ್ಷ ಚೆನ್ನಾಗಿ ಬಾಳು, ನನ್ನ ತಲೆ ತಿನ್ನುತ್ತಲೇ ಬಾಳು.

ನಿನ್ನ ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ಡ್ರೈವರ್ ಹಾರ್ನ್ ಹೊಡೀತಿದ್ದಾನೆ, ಇನ್ನು ಬರೆಯದೇ ವಿಧಿಯಿಲ್ಲ. ನಿನ್ನ ಹೆಂಡತಿ ಬಸುರಿ. ನೀನು ಬಂದಾಗ ತಾನೇ ಹೇಳ್ತೀನಿ ಅಂತ ನನ್ನ ಬಾಯಿ ಕಟ್ಟಿಹಾಕಿದ್ದಾಳೆ. ಅವಳ ಮೊದಲ ಎಚ್‌ಐವಿ ಪರೀಕ್ಷೆಯಲ್ಲಿ ಪುಣ್ಯಕ್ಕೆ ಏನೂ ಇಲ್ಲ, ಆದರೆ ಮತ್ತೆ ಮಾಡಿಸಬೇಕಂತೆ. ನೀನು ಮಾತ್ರೆ ಬಿಟ್ಟಿದ್ದು ರಜೆಗೆ ಬರೋ ಮುಂಚೆಯೋ, ಇಲ್ಲಿಂದ ಹೋದಮೇಲೋ? ಡಾಕ್ಟರಮ್ಮನೂ ಇದನ್ನೇ ಕೇಳಿದ್ರು. ಡಬ್ಬಿಯ ವಿಷಯ ಸಂಜೆ ಅವಳಿಗೆ ನಾನು ಹೇಳಲೇಬೇಕು. ಅವಳೀಗ ಉಳಿದ ಬಟ್ಟೆಚೂರು ಜೋಡಿಸಿ ಅಂಗೈಯಗಲದ ಅಂಗಿ ಹೊಲೀತಿದ್ದಾಳೆ. ಕಾಗದ ಸಿಕ್ಕ ಕೂಡಲೇ ಫೋನ್ ಮಾಡೋ. ಬೈಯಲ್ಲ, ನಿಜ ಹೇಳು.